ಒನಕೆಗೆ ಉಗಿ, ಉಗಿಗೆ ಕವಾಟ: ಕೋಲಾರದ ಕಲ್ಲು ಕುಟ್ಟಿದ ಯಂತ್ರಗಳು

ಶಿವನಸಮುದ್ರದ ಜಲವಿದ್ಯುತ್ತು 1902ರ ಜೂನ್ 30ರಂದು ಸುಮಾರು 147 ಕಿ.ಮೀ. ದೂರದ ಕೋಲಾರ ಚಿನ್ನದ ಗಣಿಯನ್ನು ತಲುಪಿತು ಎಂಬುದು ಕನ್ನಡಿಗರು ಹೆಮ್ಮೆಯಿಂದ ನೆನೆಯುವ ಸಂಗತಿ. ಅಷ್ಟು ಉದ್ದದ ವಿದ್ಯುತ್ ಮಾರ್ಗ ಅಂದಿಗೆ ಜಗತ್ತಿನಲ್ಲೇ ಅಪರೂಪವಾಗಿತ್ತು. ಆದರೆ ಆ ವಿದ್ಯುತ್ತು ಬಂದು ಯಾವುದನ್ನು ಪದಚ್ಯುತಗೊಳಿಸಿತು ಎಂದು ಕೇಳುವವರು ಕಡಿಮೆ. ಅದಕ್ಕೂ ಮುನ್ನ ಎರಡು ದಶಕಗಳ ಕಾಲ ಗಣಿಯ ಅದಿರನ್ನು ಹಗಲಿರುಳೂ ಕುಟ್ಟಿ ಪುಡಿ ಮಾಡಿದ್ದು ಉಗಿಯಂತ್ರ. ಆ ಯಂತ್ರದ ಹೊಟ್ಟೆಗೆ ಎಷ್ಟು ಸೌದೆ, ಎಷ್ಟು ಕಲ್ಲಿದ್ದಲು ಬೇಕೆಂಬುದನ್ನು ಬಹುಪಾಲು ನಿರ್ಧರಿಸುತ್ತಿದ್ದುದು ಹೊರಗಿನಿಂದ ಕಣ್ಣಿಗೇ ಬೀಳದ ಒಂದು ಭಾಗ. ಅದೇ ಕವಾಟ; ಕಾರ್ಯಾಗಾರದ ಮಾತಿನಲ್ಲಿ ವಾಲ್ವ್.

ಬೆಣಚುಕಲ್ಲಿನಿಂದ ಹಿಟ್ಟಿಗೆ

ಕೋಲಾರದ ಚಿನ್ನ ಹೊಳೆಯ ಮರಳಿನಲ್ಲಿ ಸಿಕ್ಕುವಂಥದಲ್ಲ. ಅದು ಬೆಣಚುಕಲ್ಲಿನ ಪಟ್ಟಿಗಳಲ್ಲಿ, ಬಹಳಷ್ಟು ಕಡೆ ಬರಿಗಣ್ಣಿಗೆ ಕಾಣದಷ್ಟು ಸೂಕ್ಷ್ಮ ಕಣಗಳಾಗಿ ಹುದುಗಿದೆ. ಒಳ್ಳೆಯ ದಿನಗಳಲ್ಲಿಯೂ ಒಂದು ಟನ್ ಕಲ್ಲಿನಲ್ಲಿದ್ದ ಚಿನ್ನವನ್ನು ಗ್ರಾಂ ಲೆಕ್ಕದಲ್ಲೇ ಎಣಿಸಬೇಕಿತ್ತು. ಹೀಗಾಗಿ ಗಣಿಯ ಅರ್ಧ ಕೆಲಸ ನೆಲದಡಿಯಲ್ಲಿ ನಡೆದರೆ ಉಳಿದರ್ಧ ನೆಲದ ಮೇಲೆ, ಕಲ್ಲನ್ನು ಹಿಟ್ಟು ಮಾಡುವುದರಲ್ಲಿ ಕಳೆಯುತ್ತಿತ್ತು.

ಹಿಟ್ಟು ಮಾಡುವ ಯಂತ್ರದ ಹೆಸರು ಸ್ಟಾಂಪ್ ಮಿಲ್. ಇದರ ತತ್ತ್ವ ಕನ್ನಡದ ಯಾವ ಅಡುಗೆಮನೆಗೂ ಹೊಸದಲ್ಲ. ಒರಳಿನಲ್ಲಿ ಒನಕೆ ಎತ್ತಿ ಬಿಡುವುದೇ ಇಲ್ಲಿಯೂ ನಡೆಯುವುದು. ಒನಕೆಯ ಜಾಗದಲ್ಲಿ ಸುಮಾರು 350ರಿಂದ 450 ಕಿಲೋ ತೂಗುವ ಉಕ್ಕಿನ ಕಂಬ. ಒರಳಿನ ಜಾಗದಲ್ಲಿ ಎರಕದ ಕಬ್ಬಿಣದ ತೊಟ್ಟಿ. ಒಂದು ತೊಟ್ಟಿಗೆ ಸಾಮಾನ್ಯವಾಗಿ ಐದು ಕಂಬಗಳು. ಮೇಲೆ ಅಡ್ಡಲಾಗಿ ಸುತ್ತುವ ದಂಡದ ಮೇಲೆ ಎರಡು ತೋಳುಗಳ ಕ್ಯಾಮ್ ಇರುತ್ತದೆ. ಕ್ಯಾಮಿನ ತೋಳು ಕಂಬಕ್ಕೆ ಬಿಗಿದ ಬಳೆಯನ್ನು ಕೆಳಗಿನಿಂದ ಎತ್ತಿ, ಹದಿನೈದು ಇಪ್ಪತ್ತು ಸೆಂಟಿಮೀಟರ್ ಮೇಲಕ್ಕೊಯ್ದು, ಕೈಬಿಡುತ್ತದೆ. ಎತ್ತುವಾಗಲೇ ಕಂಬವನ್ನು ತುಸು ತಿರುಗಿಸುವುದರಿಂದ ಅದರ ತುದಿಯ ಉಕ್ಕಿನ ಪಾದ ಎಲ್ಲ ಬದಿಗೂ ಸಮವಾಗಿ ಸವೆಯುತ್ತದೆ. ಐದೂ ಕಂಬಗಳು ಒಟ್ಟಿಗೆ ಬೀಳುವುದಿಲ್ಲ. ಒಂದು, ನಾಲ್ಕು, ಎರಡು, ಐದು, ಮೂರು ಎಂಬಂಥ ಸರದಿಯಲ್ಲಿ ಬೀಳುತ್ತವೆ. ಅಕ್ಕಪಕ್ಕದವು ಒಂದರ ಹಿಂದೊಂದು ಬಿದ್ದರೆ ಅದಿರೆಲ್ಲ ತೊಟ್ಟಿಯ ಒಂದೇ ಮೂಲೆಗೆ ಸರಿದುಬಿಡುತ್ತದೆ.

ತೊಟ್ಟಿಗೆ ಸದಾ ನೀರು ಹರಿಯುತ್ತಿರುತ್ತದೆ. ಪುಡಿಯಾದ ಕಲ್ಲು ನೀರಿನೊಡನೆ ಜರಡಿಯ ಮೂಲಕ ಹೊರಬಿದ್ದು ಪಾದರಸ ಸವರಿದ ತಾಮ್ರದ ತಗಡುಗಳ ಮೇಲೆ ಹರಿಯುತ್ತದೆ. ಚಿನ್ನ ಪಾದರಸಕ್ಕೆ ಅಂಟಿಕೊಳ್ಳುತ್ತದೆ. ತಪ್ಪಿಸಿಕೊಂಡ ಚಿನ್ನವನ್ನು ಸಯನೈಡ್ ದ್ರಾವಣದಲ್ಲಿ ಕರಗಿಸಿ ಹಿಡಿಯುವ ವಿಧಾನಕ್ಕೆ 1887ರಲ್ಲಿ ಸ್ಕಾಟ್ಲೆಂಡಿನಲ್ಲಿ ಪೇಟೆಂಟ್ ದೊರೆಯಿತು. 1890ರ ದಶಕದಿಂದ ಅದು ಚಿನ್ನದ ಗಣಿಗಳಲ್ಲಿ ಹರಡಿತು.

ನಿಮಿಷಕ್ಕೆ 95 ಏಟಿನಂತೆ ನೂರು ಕಂಬಗಳ ಗಿರಣಿಯೊಂದು ದಿನಕ್ಕೆ 1 ಕೋಟಿ 36 ಲಕ್ಷ ಬಾರಿ ಕಲ್ಲನ್ನು ಕುಟ್ಟುತ್ತದೆ. 450 ಕಿಲೋ ತೂಕವನ್ನು 20 ಸೆಂಟಿಮೀಟರ್ ಎತ್ತಲು ಆ ವೇಗದಲ್ಲಿ ಕಂಬವೊಂದಕ್ಕೆ ಎರಡು ಅಶ್ವಶಕ್ತಿಯಷ್ಟು ಬೇಕು. ಅಂದರೆ ನೂರು ಕಂಬಗಳಿಗೆ 200 ಅಶ್ವಶಕ್ತಿ. ಅದೂ ರಾತ್ರಿ, ಭಾನುವಾರ ಎನ್ನದೆ. ಎಂಜಿನ್ ಹೊಟ್ಟೆಬಾಕನಾಗಿದ್ದರೆ ಗಣಿಯ ಲಾಭವೆಲ್ಲ ಬಾಯ್ಲರಿನ ಒಲೆಗೇ ಹೋಗುತ್ತಿತ್ತು.

ಇಂಧನದ ಲೆಕ್ಕ ಇಟ್ಟವರು

ಕೋಲಾರದಲ್ಲಿ ಆಧುನಿಕ ಗಣಿಗಾರಿಕೆಗೆ ಹಾದಿ ತೆರೆದವನು ನ್ಯೂಜಿಲೆಂಡಿನ ಯುದ್ಧ ಮುಗಿಸಿ ಬಂದಿದ್ದ ಐರಿಷ್ ಸೈನಿಕ ಲವೆಲ್. 1870ರ ದಶಕದ ಆರಂಭದಲ್ಲಿ ಆತ ಮೈಸೂರು ಸರ್ಕಾರದಿಂದ ಪರವಾನಗಿ ಪಡೆದ. ಆದರೆ ಗಣಿ ನಿಂತದ್ದು 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ಕೈಹಾಕಿದ ಮೇಲೆ. ಮೊದಲ ವರ್ಷಗಳಲ್ಲಿ ಬಂಡವಾಳ ಕರಗಿತೇ ವಿನಾ ಚಿನ್ನ ಬರಲಿಲ್ಲ. 1880ರ ದಶಕದ ಮಧ್ಯಭಾಗದಲ್ಲಿ ಮೈಸೂರು ಗಣಿಯಲ್ಲಿ ಕ್ಯಾಪ್ಟನ್ ಪ್ಲಮರ್ ಚಾಂಪಿಯನ್ ರೀಫ್ ಎಂಬ ಸಮೃದ್ಧ ಪಟ್ಟಿಯನ್ನು ಹಿಡಿದ ನಂತರವೇ ಅದೃಷ್ಟ ತಿರುಗಿತು. ಈ ‘ಕ್ಯಾಪ್ಟನ್’ ಸೈನ್ಯದ ಪದವಿಯಲ್ಲ. ಇಂಗ್ಲೆಂಡಿನ ನೈಋತ್ಯ ಮೂಲೆಯ ಕಾರ್ನ್‌ವಾಲ್ ಪ್ರಾಂತ್ಯದಲ್ಲಿ ಗಣಿ ಮೇಲ್ವಿಚಾರಕರನ್ನು ಹಾಗೆ ಕರೆಯುವ ರೂಢಿಯಿತ್ತು. ಕೋಲಾರಕ್ಕೆ ಅಲ್ಲಿಂದ ಬಂದವರು ಬಹಳ.

ಈ ಮೂಲ ನಮ್ಮ ವಿಷಯಕ್ಕೆ ಮುಖ್ಯ. ಕಾರ್ನ್‌ವಾಲಿನಲ್ಲಿ ತವರವಿತ್ತು, ತಾಮ್ರವಿತ್ತು. ಕಲ್ಲಿದ್ದಲು ಮಾತ್ರ ಇರಲಿಲ್ಲ. ಅದನ್ನು ಹಡಗಿನಲ್ಲಿ ತರಿಸಬೇಕಾಗಿದ್ದರಿಂದ ಅಲ್ಲಿನ ಎಂಜಿನಿಯರುಗಳು ಇಂಧನದ ವಿಷಯದಲ್ಲಿ ಜಿಪುಣರಾಗಿದ್ದರು. 1811ರಿಂದ ಅಲ್ಲಿ ‘ಲೀನ್ಸ್ ಎಂಜಿನ್ ರಿಪೋರ್ಟರ್’ ಎಂಬ ಮಾಸಿಕ ಪಟ್ಟಿ ಹೊರಡುತ್ತಿತ್ತು. ಯಾವ ಗಣಿಯ ಎಂಜಿನ್ ಒಂದು ಅಳತೆ ಕಲ್ಲಿದ್ದಲಿನಲ್ಲಿ ಎಷ್ಟು ತೂಕದ ನೀರನ್ನು ಒಂದು ಅಡಿ ಎತ್ತಿತು ಎಂಬುದನ್ನು ಅದು ಹೆಸರು ಸಹಿತ ಅಚ್ಚು ಹಾಕುತ್ತಿತ್ತು. ಆರಂಭದಲ್ಲಿ ಈ ಅಂಕಿ ಸರಾಸರಿ ಎರಡು ಕೋಟಿ ಪೌಂಡಿಗಿಂತ ಕೆಳಗಿತ್ತು. 1835ರ ಒಂದು ಪರೀಕ್ಷೆಯಲ್ಲಿ ಫೋವಿ ಕನ್ಸಾಲ್ಸ್ ಗಣಿಯ ಎಂಜಿನ್ ಹನ್ನೆರಡೂವರೆ ಕೋಟಿ ಮುಟ್ಟಿತು. ಬಾಯ್ಲರಿನ ಒತ್ತಡ ಏರಿದ್ದು, ಸಿಲಿಂಡರಿಗೆ ಹೊದಿಕೆ ಹಾಕಿದ್ದು, ಕವಾಟವನ್ನು ಬೇಗ ಮುಚ್ಚಿದ್ದು ಇವೆಲ್ಲ ಸೇರಿ ತಂದ ಫಲವದು. ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯ ಮೂಲಪುರುಷ ಜಾನ್ ಟೇಲರ್ ಅದೇ ಕಾರ್ನ್‌ವಾಲಿನಲ್ಲಿ ಗಣಿ ನಡೆಸಿ ಪಳಗಿದವನು.

ಕೋಲಾರದ ಪರಿಸ್ಥಿತಿ ಇನ್ನೂ ಬಿಗಿ. ಹತ್ತಿರದಲ್ಲಿ ಕಲ್ಲಿದ್ದಲಿಲ್ಲ, ಬತ್ತದ ಹೊಳೆಯಿಲ್ಲ. ಬೌರಿಂಗ್‌ಪೇಟೆಯಿಂದ, ಎಂದರೆ ಇಂದಿನ ಬಂಗಾರಪೇಟೆಯಿಂದ, ಮಾರಿಕುಪ್ಪಂಗೆ ರೈಲು ಹಳಿ ಬಿದ್ದದ್ದು 1894ರಲ್ಲಿ. ಅಲ್ಲಿಯವರೆಗೆ ಭಾರಿ ಸಾಮಗ್ರಿಯೆಲ್ಲ ಗಾಡಿಗಳಲ್ಲಿ ಬರಬೇಕಿತ್ತು. ಸುತ್ತಲಿನ ಕುರುಚಲು ಕಾಡು ಸೌದೆಯಾಗಿ ಬಾಯ್ಲರಿಗೆ ಬಿತ್ತು. ಹೀಗಿರುವಾಗ ಸಿಲಿಂಡರಿನೊಳಕ್ಕೆ ಹೋಗುವ ಪ್ರತಿ ಗುಟುಕು ಉಗಿಯಿಂದ ಎಷ್ಟು ಕೆಲಸ ಹಿಂಡಬಹುದು ಎಂಬುದು ಪಾಠಪುಸ್ತಕದ ಪ್ರಶ್ನೆಯಾಗಿರಲಿಲ್ಲ.

ಬೋರಲು ಬಿದ್ದ ಪೆಟ್ಟಿಗೆ

ಉಗಿಯಂತ್ರದ ಸಿಲಿಂಡರಿನಲ್ಲಿ ಪಿಸ್ಟನ್ ಅತ್ತಿಂದಿತ್ತ ಚಲಿಸುತ್ತದೆ. ಒಂದು ತುದಿಗೆ ಹೊಸ ಉಗಿ ನುಗ್ಗುವಾಗ ಇನ್ನೊಂದು ತುದಿಯ ಬಳಸಿದ ಉಗಿ ಹೊರಹೋಗಬೇಕು. ಪಿಸ್ಟನ್ ತುದಿ ಮುಟ್ಟಿದೊಡನೆ ಪಾತ್ರಗಳು ಅದಲು ಬದಲಾಗಬೇಕು. ಈ ಅದಲು ಬದಲನ್ನು ಮಾಡುವುದೇ ಕವಾಟ. ಮೊದಮೊದಲು ಇದನ್ನು ಆಳೊಬ್ಬ ಕೈಯಿಂದ ಮಾಡುತ್ತಿದ್ದ.

ಅತ್ಯಂತ ಸರಳವೂ ಬಹುಕಾಲ ಬಾಳಿದ್ದೂ ಆದ ವಿಧವೆಂದರೆ ಸ್ಲೈಡ್ ವಾಲ್ವ್. ಜೇಮ್ಸ್ ವಾಟ್‌ನ ಸಹಾಯಕನಾಗಿದ್ದ ವಿಲಿಯಂ ಮರ್ಡಾಕ್ 1799ರಲ್ಲಿ ಇದರ ಒಂದು ರೂಪಕ್ಕೆ ಪೇಟೆಂಟ್ ಪಡೆದಿದ್ದ. ಸಿಲಿಂಡರಿನ ಪಕ್ಕದ ಸಪಾಟಾದ ಮುಖದಲ್ಲಿ ಮೂರು ಸೀಳುಗಳಿರುತ್ತವೆ. ಎರಡು ಅಂಚಿನವು ಸಿಲಿಂಡರಿನ ಎರಡು ತುದಿಗಳಿಗೆ, ನಡುವಿನದು ಹೊರಹೋಗುವ ಕೊಳವೆಗೆ. ಇವುಗಳ ಮೇಲೆ ಬೋರಲು ಹಾಕಿದ ಪೆಟ್ಟಿಗೆಯಂಥ ತುಂಡೊಂದು ಜಾರುತ್ತದೆ. ಅದರ ಹೊರ ಅಂಚು ಒಂದು ಸೀಳನ್ನು ತೆರೆದು ಹೊಸ ಉಗಿಯನ್ನು ಒಳಬಿಡುವಾಗ, ಟೊಳ್ಳಾದ ಹೊಟ್ಟೆ ಇನ್ನೊಂದು ಸೀಳನ್ನು ನಡುವಿನದಕ್ಕೆ ಜೋಡಿಸಿ ಹಳೆಯ ಉಗಿಗೆ ದಾರಿ ಕೊಡುತ್ತದೆ. ಇದನ್ನು ಜಾರಿಸುವುದು ಎಂಜಿನ್ನಿನ ಮುಖ್ಯ ದಂಡದ ಮೇಲೆ ಕೇಂದ್ರ ತಪ್ಪಿಸಿ ಕೂರಿಸಿದ ಎಕ್ಸೆಂಟ್ರಿಕ್ ಎಂಬ ಗಾಲಿ. ಎರಡು ಬಾಗಿಲುಗಳ ನಾಲ್ಕು ಕೆಲಸವನ್ನು ಒಂದೇ ತುಂಡು ಕಬ್ಬಿಣ ಮಾಡಿಬಿಡುವ ಈ ಜಾಣತನವನ್ನು ಮೆಚ್ಚಲೇಬೇಕು.

ಉಗಿಯ ಉಳಿತಾಯ ಇಲ್ಲಿಂದ ಮುಂದಿನ ಮಾತು. ಪಿಸ್ಟನ್ ತನ್ನ ಹಾದಿಯ ಕೊನೆ ಮುಟ್ಟುವವರೆಗೂ ಬಾಯ್ಲರಿನಿಂದ ಉಗಿ ಬಿಡುತ್ತಲೇ ಇದ್ದರೆ, ಹೊರಬೀಳುವ ಉಗಿ ಪೂರ್ಣ ಒತ್ತಡದಲ್ಲಿಯೇ ಆಕಾಶಕ್ಕೆ ಹೋಗುತ್ತದೆ. ಅದರ ಬದಲು ಮೂರನೇ ಒಂದು ಭಾಗ ದಾರಿಯಲ್ಲೇ ಕವಾಟ ಮುಚ್ಚಿದರೆ? ಒಳಗೆ ಸಿಕ್ಕಿಬಿದ್ದ ಉಗಿ ಹಿಗ್ಗುತ್ತಾ, ಒತ್ತಡ ಕಳೆದುಕೊಳ್ಳುತ್ತಾ, ಪಿಸ್ಟನ್ನನ್ನು ಮುಂದೆ ತಳ್ಳುತ್ತಲೇ ಹೋಗುತ್ತದೆ. ಸಿದ್ಧಾಂತದ ಲೆಕ್ಕದಲ್ಲಿ, ಮೂರು ಪಟ್ಟು ಹಿಗ್ಗಿದ ಉಗಿ ಹಿಗ್ಗದ ಉಗಿಗಿಂತ 2.1 ಪಟ್ಟು ಕೆಲಸ ಕೊಡುತ್ತದೆ; ನಾಲ್ಕು ಪಟ್ಟು ಹಿಗ್ಗಿದರೆ ಸುಮಾರು 2.4 ಪಟ್ಟು. ವಾಸ್ತವದಲ್ಲಿ ತಣ್ಣನೆಯ ಗೋಡೆ, ಸೋರಿಕೆ, ಎದುರೊತ್ತಡಗಳಲ್ಲಿ ಇದರ ಒಂದಷ್ಟು ಪಾಲು ಕಳೆದುಹೋಗುತ್ತದೆ. ಹಾಗಿದ್ದರೂ ಒಂದು ಗಾಡಿ ಸೌದೆಯ ಕೆಲಸವನ್ನು ಮುಕ್ಕಾಲು ಗಾಡಿಯಲ್ಲೋ ಅದಕ್ಕೂ ಕಡಿಮೆಯಲ್ಲೋ ಮಾಡುವ ಸಾಧ್ಯತೆ ಕವಾಟ ಮುಚ್ಚುವ ಆ ಕ್ಷಣದಲ್ಲಿ ಅಡಗಿದೆ.

ಸ್ಲೈಡ್ ವಾಲ್ವಿನ ಅಂಚನ್ನು ಅಗಲ ಮಾಡಿದರೆ ಅದು ಬೇಗ ಮುಚ್ಚುತ್ತದೆ. ಆದರೆ ಒಂದೇ ತುಂಡು ಎಲ್ಲವನ್ನೂ ಮಾಡುವುದರಿಂದ, ಉಗಿ ಒಳಬರುವ ಗಳಿಗೆಯನ್ನು ಬದಲಿಸಿದರೆ ಹೊರಹೋಗುವ ಗಳಿಗೆಯೂ ಕೆಡುತ್ತದೆ. ಕವಾಟ ನಿಧಾನವಾಗಿ ಮುಚ್ಚುವುದರಿಂದ ಕಿರಿದಾದ ಸಂದಿಯಲ್ಲಿ ಉಗಿ ಏದುತ್ತಾ ನುಸುಳಿ ಒತ್ತಡ ಕಳೆದುಕೊಳ್ಳುತ್ತದೆ. ಬಿಸಿ ಉಗಿ ಬರುವ ಸೀಳಿನಲ್ಲಿಯೇ ತಣ್ಣಗಾದ ಉಗಿ ಹೊರಹೋಗುವುದರಿಂದ ಆ ಗೋಡೆಗಳು ಪ್ರತಿಸಲವೂ ತಣಿದು ಮುಂದಿನ ಉಗಿಯ ಶಾಖವನ್ನು ಕುಡಿಯುತ್ತವೆ. ಇನ್ನು ಘರ್ಷಣೆ: 20 ಸೆಂ.ಮೀ. ಅಗಲ, 30 ಸೆಂ.ಮೀ. ಉದ್ದದ ಕವಾಟದ ಬೆನ್ನ ಮೇಲೆ ಚದರ ಸೆಂಟಿಮೀಟರಿಗೆ 6 ಕಿಲೋ ಒತ್ತಡವಿದ್ದರೆ ಒಟ್ಟು ಭಾರ 3,600 ಕಿಲೋ. ಅಡಿಯಿಂದ ಬರುವ ಎದುರೊತ್ತಡವನ್ನು ಕಳೆದರೂ, ಎಂಜಿನ್ ತನ್ನ ಕವಾಟವನ್ನು ತಾನೇ ಎಳೆದಾಡಲು ಸುಸ್ತಾಗುತ್ತಿತ್ತು.

ಕೊಂಡಿ ಕಳಚುವ ಗಳಿಗೆ

ಘರ್ಷಣೆಯ ಸಮಸ್ಯೆಗೆ ಕಾರ್ನ್‌ವಾಲಿನ ಪಂಪ್ ಎಂಜಿನ್‌ಗಳು ಕಂಡುಕೊಂಡ ಉತ್ತರ ಡಬಲ್ ಬೀಟ್ ವಾಲ್ವ್, ಎಂದರೆ ಇಬ್ಬಾಯಿಯ ಕವಾಟ. ಗಂಟೆಯಂಥ ಒಂದು ತುಂಡು ಮೇಲೊಂದು ಕೆಳಗೊಂದು ಪೀಠದ ಮೇಲೆ ಕೂತಿರುತ್ತದೆ. ಒಂದು ಪೀಠದಲ್ಲಿ ಉಗಿ ಅದನ್ನು ಕೆಳಗೆ ಅದುಮಿದರೆ ಇನ್ನೊಂದರಲ್ಲಿ ಮೇಲಕ್ಕೆ ಎತ್ತುತ್ತದೆ. ಎರಡೂ ಹೆಚ್ಚುಕಡಿಮೆ ಸರಿಹೋಗುವುದರಿಂದ ತೀರ ದೊಡ್ಡ ಕವಾಟವನ್ನೂ ಸಣ್ಣ ಬಲದಿಂದ ತೆರೆಯಬಹುದು. ಒಳಬರುವುದಕ್ಕೂ ಹೊರಹೋಗುವುದಕ್ಕೂ ಬೇರೆ ಬೇರೆ ಕವಾಟಗಳನ್ನಿಟ್ಟದ್ದು ಇಲ್ಲಿನ ಇನ್ನೊಂದು ಗಳಿಕೆ.

ಆದರೆ ಗಿರಣಿಗಳ ಲೋಕವನ್ನು ಬದಲಿಸಿದ್ದು ಅಮೆರಿಕದ ಜಾರ್ಜ್ ಕಾರ್ಲಿಸ್ 1849ರಲ್ಲಿ ಪೇಟೆಂಟ್ ಪಡೆದ ವ್ಯವಸ್ಥೆ. ಅದರಲ್ಲಿ ಸಿಲಿಂಡರಿನ ನಾಲ್ಕು ಮೂಲೆಗಳಿಗೆ ನಾಲ್ಕು ಕವಾಟ. ಸಾಮಾನ್ಯವಾಗಿ ಮೇಲಿನ ಎರಡು ಉಗಿ ಬರಲು, ಕೆಳಗಿನ ಎರಡು ಹೋಗಲು. ಇವು ಜಾರುವುದಿಲ್ಲ, ತೊಟ್ಟಿಲಿನಂತೆ ಅತ್ತಿತ್ತ ತೂಗುವ ಉರುಳೆಗಳು. ಇವೆಲ್ಲವನ್ನೂ ಆಡಿಸುವುದು ಸಿಲಿಂಡರಿನ ಪಕ್ಕದಲ್ಲಿ ತೂಗಾಡುವ ಒಂದು ತಟ್ಟೆ. ಉಗಿ ಕವಾಟವನ್ನು ತಟ್ಟೆಯ ಸಲಾಕೆ ಕೊಂಡಿಯೊಂದರಿಂದ ಹಿಡಿದು ತೆರೆಯುತ್ತದೆ. ಎಂಜಿನ್ನಿನ ವೇಗ ನೋಡಿಕೊಳ್ಳುವ ಗವರ್ನರಿನ ಗುಂಡುಗಳು ಆ ಕೊಂಡಿ ಯಾವ ಕ್ಷಣದಲ್ಲಿ ಕಳಚಬೇಕೆಂಬುದನ್ನು ನಿರ್ಧರಿಸುತ್ತವೆ. ಕಳಚಿದೊಡನೆ ತೂಕವೋ ನಿರ್ವಾತದ ಡಬ್ಬಿಯೋ ಕವಾಟವನ್ನು ಥಟ್ಟನೆ ಮುಚ್ಚಿಬಿಡುತ್ತದೆ. ಕೆಲಸ ಹಗುರವಾದರೆ ಬೇಗ ಕಳಚುತ್ತದೆ, ಭಾರವಾದರೆ ತಡವಾಗಿ. ಉಗಿಯ ಕತ್ತು ಹಿಸುಕಿ ವೇಗ ತಗ್ಗಿಸುವ ಹಳೆಯ ಪದ್ಧತಿ ಹೋಗಿ, ಪ್ರತಿ ಏಟಿಗೂ ಬೇಕಾದಷ್ಟೇ ಉಗಿ ಅಳೆದು ಬಡಿಸುವ ಪದ್ಧತಿ ಬಂತು. 1870ರಲ್ಲಿ ಪೇಟೆಂಟ್ ಮುಗಿದ ಮೇಲೆ ಎಲ್ಲ ದೇಶಗಳ ಕಾರ್ಖಾನೆಗಳೂ ಇದನ್ನು ಮಾಡತೊಡಗಿದವು. 1876ರ ಫಿಲಡೆಲ್ಫಿಯ ಪ್ರದರ್ಶನದಲ್ಲಿ 1,400 ಅಶ್ವಶಕ್ತಿಯ ಕಾರ್ಲಿಸ್ ಎಂಜಿನ್ ಇಡೀ ಯಂತ್ರಶಾಲೆಯನ್ನು ಒಂಟಿಯಾಗಿ ಓಡಿಸಿ ಹೆಸರಾಯಿತು.

ಒಂದು ಸಿಲಿಂಡರಿನ ಉಗಿಯನ್ನು ಇನ್ನೊಂದಕ್ಕೆ ಕೊಟ್ಟು ಮತ್ತೆ ಹಿಗ್ಗಿಸುವ ಕಾಂಪೌಂಡ್ ಎಂಜಿನ್, ಉಳಿದ ಉಗಿಯನ್ನು ನೀರಿನಿಂದ ತಣಿಸಿ ನಿರ್ವಾತ ಉಂಟುಮಾಡುವ ಕಂಡೆನ್ಸರ್ ಇವೆರಡೂ ಸೇರಿದರೆ ಇಂಧನ ಸುಮಾರು ಅರ್ಧಕ್ಕಿಳಿಯುತ್ತಿತ್ತು. ಆದರೆ ಕಂಡೆನ್ಸರಿಗೆ ಧಾರಾಳ ನೀರು ಬೇಕು. ತೊಟ್ಟಿಗಳಲ್ಲಿ ಕಲ್ಲು ಕುಟ್ಟಲೂ ಒಂದು ಟನ್ ಅದಿರಿಗೆ ಹಲವು ಟನ್ ನೀರು ಬೇಕು. ಪಾಲಾರ್ ಹೊಳೆಯ ಬೇತಮಂಗಲ ಕೆರೆಯಿಂದ ಗಣಿಗೆ ನೀರು ತರಬೇಕಾಗಿ ಬಂದ ನಾಡಿನಲ್ಲಿ ಉಗಿಯ ಮಿತವ್ಯಯವೂ ನೀರಿನ ಮಿತವ್ಯಯವೂ ಒಂದನ್ನೊಂದು ಎಳೆದಾಡುತ್ತಿದ್ದವು.

ವೇಗ ಹೆಚ್ಚಿದರೆ ಕಂಬ ಮುರಿಯುತ್ತದೆ

ಸ್ಟಾಂಪ್ ಮಿಲ್ಲಿಗೆ ಕವಾಟ ಇಷ್ಟೊಂದು ಮುಖ್ಯವಾಗಲು ಇಂಧನವಲ್ಲದೆ ಮತ್ತೊಂದು ಕಾರಣವಿತ್ತು. ಹತ್ತಿ ಗಿರಣಿಯಲ್ಲಿ ಎಂಜಿನ್ ತುಸು ಜೋರಾಗಿ ಓಡಿದರೆ ನೂಲು ಹರಿದೀತು. ಇಲ್ಲಿ ಉಕ್ಕು ಮುರಿಯುತ್ತದೆ.

ಕಂಬವನ್ನು ಎತ್ತುವುದು ಎಂಜಿನ್, ಬೀಳಿಸುವುದು ಭೂಮಿ. ಎತ್ತುವ ವೇಗವನ್ನು ಹೆಚ್ಚಿಸಬಹುದು, ಬೀಳುವ ವೇಗವನ್ನು ಯಾವ ಮೇಸ್ತ್ರಿಯೂ ಹೆಚ್ಚಿಸಲಾರ. 20 ಸೆಂಟಿಮೀಟರ್ ಎತ್ತರದಿಂದ ಬೀಳಲು ಸೆಕೆಂಡಿನ ಐದನೇ ಒಂದು ಭಾಗ ಬೇಕೇ ಬೇಕು. ನಿಮಿಷಕ್ಕೆ 95 ಏಟೆಂದರೆ ಎತ್ತಿ ಬಿಡುವ ಪೂರ್ತಿ ಸುತ್ತಿಗೆ ಸಿಗುವುದು 0.63 ಸೆಕೆಂಡ್, ಅದರಲ್ಲಿ ಹೆಚ್ಚಿನ ಪಾಲು ಎತ್ತುವುದಕ್ಕೇ ಹೋಗುತ್ತದೆ. ಕಂಬ ಬಿದ್ದು ಕಲ್ಲು ಮುಟ್ಟುವುದಕ್ಕೂ ಕ್ಯಾಮಿನ ಎರಡನೇ ತೋಳು ಅದರಡಿಗೆ ಬರುವುದಕ್ಕೂ ನಡುವೆ ಉಳಿಯುವ ಬಿಡುವು ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ. ಎಂಜಿನ್ ಸ್ವಲ್ಪ ಹುಚ್ಚೆದ್ದರೂ ಸಾಕು, ಇನ್ನೂ ಬೀಳುತ್ತಿರುವ ಕಂಬಕ್ಕೆ ಮೇಲೇಳುವ ತೋಳು ಎದುರು ಬಡಿಯುತ್ತದೆ. ಕ್ಯಾಮ್ ಸೀಳುತ್ತದೆ, ಇಲ್ಲವೆ ಕಂಬ ತುಂಡಾಗುತ್ತದೆ.

ಹುಚ್ಚೇಳುವ ಸಂದರ್ಭಗಳಾದರೋ ದಿನನಿತ್ಯದವು. ಸವೆದ ಪಾದ ಬದಲಿಸಲು, ತಗಡಿನ ಮೇಲಿನ ಪಾದರಸ ಕೆರೆಯಲು ಒಂದೊಂದು ತೊಟ್ಟಿಯ ಐದೈದು ಕಂಬಗಳನ್ನು ಮೇಲೆತ್ತಿ ಊರೆಗೋಲಿನ ಮೇಲೆ ನಿಲ್ಲಿಸುತ್ತಿದ್ದರು. ಆ ಕ್ಷಣಕ್ಕೆ ಎಂಜಿನ್ನಿನ ಹೊರೆ ತಟ್ಟನೆ ಇಳಿಯುತ್ತದೆ. ಗವರ್ನರ್ ಅದನ್ನು ಗ್ರಹಿಸಿ ಮರುಏಟಿಗೇ ಉಗಿಯನ್ನು ಕಡಿತ ಮಾಡದಿದ್ದರೆ ಉಳಿದ ತೊಂಬತ್ತೈದು ಕಂಬಗಳಿಗೂ ಅಪಾಯ. ಕಾರ್ಲಿಸ್‌ನ ಕೊಂಡಿ ಅಲ್ಲಿ ತೋರುತ್ತಿದ್ದ ಚುರುಕು ಹಳೆಯ ಸ್ಲೈಡ್ ವಾಲ್ವಿಗೆ ಸಾಧ್ಯವಿರಲಿಲ್ಲ.

ಕೋಲಾರಕ್ಕೆ ಬಾರದ ಯಂತ್ರ

ಬೀಳುವ ವೇಗಕ್ಕೂ ಉಗಿಯನ್ನೇ ಹಚ್ಚಿದರೇನು ಎಂಬ ಯೋಚನೆ ಬೇರೆಡೆ ಯಂತ್ರವಾಗಿ ಕೂತಿತು. ಜೇಮ್ಸ್ ನಾಸ್ಮಿತ್‌ನ ಉಗಿಸುತ್ತಿಗೆ 1842ರಲ್ಲಿ ಪೇಟೆಂಟ್ ಆಗಿತ್ತು. ಅದೇ ಮಾದರಿಯಲ್ಲಿ, ಸಿಲಿಂಡರನ್ನು ತೊಟ್ಟಿಯ ಮೇಲೆಯೇ ನಿಲ್ಲಿಸಿ, ಪಿಸ್ಟನ್ನಿನ ಕೆಳತುದಿಗೇ ಕುಟ್ಟುವ ಪಾದ ಬಿಗಿದ ‘ಸ್ಟೀಮ್ ಸ್ಟಾಂಪ್’ ಅಮೆರಿಕದ ಸುಪೀರಿಯರ್ ಸರೋವರದ ತಾಮ್ರದ ಗಣಿಗಳಲ್ಲಿ 1850ರ ದಶಕದಿಂದ ರೂಢಿಗೆ ಬಂತು. ಗುರುತ್ವದ ಕಂಬವೊಂದು ದಿನಕ್ಕೆ ಎರಡರಿಂದ ಐದು ಟನ್ ಕುಟ್ಟಿದರೆ, ಉಗಿ ದೂಡುವ ಇಂಥ ಒಂದೇ ಕಂಬ ನೂರಾರು ಟನ್ ಕುಟ್ಟುತ್ತಿತ್ತು.

ಕವಾಟದ ದೃಷ್ಟಿಯಿಂದ ಇದು ಬೇರೆಯೇ ಸವಾಲು. ಸಾಮಾನ್ಯ ಎಂಜಿನ್ನಿನಲ್ಲಿ ಪಿಸ್ಟನ್ ಎಲ್ಲಿ ನಿಲ್ಲಬೇಕೆಂದು ಕ್ರ್ಯಾಂಕ್ ಹೇಳುತ್ತದೆ. ಇಲ್ಲಿ ಕ್ರ್ಯಾಂಕೇ ಇಲ್ಲ. ತೊಟ್ಟಿಯಲ್ಲಿ ಕಲ್ಲು ಹೆಚ್ಚಿದ್ದರೆ ಪಾದ ಮೇಲೆಯೇ ನಿಲ್ಲುತ್ತದೆ, ಕಡಿಮೆಯಿದ್ದರೆ ಇನ್ನಷ್ಟು ಇಳಿಯುತ್ತದೆ. ಆದ್ದರಿಂದ ವಿಲಿಯಂ ಬಾಲ್‌ನ ಹೆಸರಿನ ಸ್ಟಾಂಪಿನಲ್ಲಿ ಕವಾಟವನ್ನು ಆಡಿಸಲು ಪ್ರತ್ಯೇಕ ದಂಡವೊಂದನ್ನು ಪಟ್ಟಿಯಿಂದ ತಿರುಗಿಸುತ್ತಿದ್ದರು. ಅದರ ಹಲ್ಲುಚಕ್ರಗಳು ದುಂಡಗಿರದೆ ಅಂಡಾಕಾರದಲ್ಲಿದ್ದವು. ಫಲವಾಗಿ ಸುತ್ತಿನ ಒಂದು ಪಾಲಿನಲ್ಲಿ ಕವಾಟ ಚಕ್ಕನೆ ಬಾಯ್ತೆರೆದು ಪಿಸ್ಟನ್ನಿನ ನೆತ್ತಿಗೆ ಪೂರ್ಣ ಉಗಿ ಸುರಿಯುತ್ತದೆ. ಉಳಿದ ಪಾಲಿನಲ್ಲಿ ನಿಧಾನವಾಗಿ, ಕಿರಿದಾದ ದಾರಿಯಿಂದ, ಎತ್ತಲು ಸಾಕಾಗುವಷ್ಟನ್ನೇ ಕೆಳಗಡೆಗೆ ಬಿಡುತ್ತದೆ. ಬಡಿತ ಬಿರುಸು, ಏಳುವುದು ಸಾವಧಾನ.

ಕೋಲಾರ ಗುರುತ್ವದ ಕಂಬಗಳನ್ನೇ ನೆಚ್ಚಿತು. ಕಾರಣ ಅದಿರಿನ ಗುಣದಲ್ಲೇ ಇದೆ. ಸುಪೀರಿಯರ್ ತೀರದಲ್ಲಿ ತಾಮ್ರ ಲೋಹವಾಗಿಯೇ, ಕಾಳು ಗಟ್ಟಿಗಳಾಗಿ ಸಿಗುತ್ತಿತ್ತು. ಕಲ್ಲನ್ನು ಒಡೆದು ತೊಳೆದರೆ ಸಾಕು. ಕೋಲಾರದಲ್ಲಿ ನುಣ್ಣಗೆ ಅರೆಯಬೇಕು, ಪಾದರಸಕ್ಕೆ ಮುಟ್ಟಿಸಬೇಕು. ಅದಕ್ಕೆ ಸಾವಿರಾರು ಸಣ್ಣ ಏಟುಗಳೇ ಲೇಸು.

ಹಾಗೆಂದು ಕ್ರ್ಯಾಂಕಿಲ್ಲದ ಪಿಸ್ಟನ್ನಿನ ಒಗಟು ಕೋಲಾರಕ್ಕೆ ಬರಲೇ ಇಲ್ಲವೆನ್ನುವಂತಿಲ್ಲ. ಸುರಂಗದಲ್ಲಿ ಕಲ್ಲು ಕೊರೆಯುವ ಡ್ರಿಲ್ಲುಗಳು ಒತ್ತಿದ ಗಾಳಿಯಿಂದ ಅದೇ ರೀತಿ ಕೆಲಸ ಮಾಡುತ್ತವೆ. ಹಳೆಯವುಗಳಲ್ಲಿ ಪಿಸ್ಟನ್ ತಾನೇ ಒಂದು ಲಿವರನ್ನು ತಟ್ಟಿ ಕವಾಟ ತಿರುಗಿಸುತ್ತಿತ್ತು; ನಂತರದವುಗಳಲ್ಲಿ ಗಾಳಿಯೇ ಸಣ್ಣ ಉರುಳೆಯೊಂದನ್ನು ಅತ್ತಿತ್ತ ಎಸೆಯುತ್ತದೆ. ಬೆಂಗಳೂರಿನ ರಸ್ತೆ ಅಗೆಯುವ ಕಾರ್ಮಿಕನ ಕೈಯಲ್ಲಿನ ಗಾಳಿಯಂತ್ರದಲ್ಲಿಯೂ ಈ ಕವಾಟವೇ ಇದೆ.

ಪ್ರಾಣ ಕಾಯುವ ಕವಾಟ

ಇಷ್ಟೂ ಹೊತ್ತು ಮಾತಾಡಿದ್ದು ಹಣ ಉಳಿಸುವ ಕವಾಟಗಳ ವಿಷಯ. ಬಾಯ್ಲರಿನ ನೆತ್ತಿಯ ಮೇಲೆ ಪ್ರಾಣ ಉಳಿಸುವ ಕವಾಟವೊಂದು ಕೂತಿರುತ್ತದೆ. ಪ್ರೆಷರ್ ಕುಕ್ಕರಿನ ಸೀಟಿ ಅದರ ಮೊಮ್ಮಗ. ಒತ್ತಡ ಮಿತಿ ದಾಟಿದರೆ ತಾನಾಗಿ ಎದ್ದು ಉಗಿ ಬಿಡುವುದು ಅದರ ಕೆಲಸ. ಹಳೆಯ ಮಾದರಿಯಲ್ಲಿ ಸನ್ನೆಗೋಲಿನ ತುದಿಗೆ ಗುಂಡು ನೇತುಹಾಕುತ್ತಿದ್ದರು. ಕೆಲಸ ಹಿಂದೆ ಬಿದ್ದಾಗ ಆ ಗುಂಡಿನ ಪಕ್ಕಕ್ಕೆ ಇನ್ನೊಂದು ತೂಕ ಸೇರಿಸುವ ಆಸೆ ಯಾವ ದೇಶದಲ್ಲೂ ತಪ್ಪಿದ್ದಲ್ಲ; ಬಾಯ್ಲರ್ ಸಿಡಿತಗಳ ಇತಿಹಾಸದಲ್ಲಿ ಈ ಆಸೆಗೆ ದೊಡ್ಡ ಅಧ್ಯಾಯವೇ ಇದೆ. ಇಂಗ್ಲೆಂಡಿನ ಜಾನ್ ರಾಮ್ಸ್‌ಬಾಟಮ್ 1850ರ ದಶಕದಲ್ಲಿ ಕೈಯಾಡಿಸಲಾಗದ ಸ್ಪ್ರಿಂಗ್ ಕವಾಟ ರೂಪಿಸಿದ್ದು ಇದೇ ಕಾರಣಕ್ಕೆ. ಭಾರತದಲ್ಲಿ ದೇಶಕ್ಕೆಲ್ಲ ಒಂದೇ ಬಾಯ್ಲರ್ ಕಾನೂನು ಬಂದದ್ದು 1923ರಲ್ಲಿ, ಕೋಲಾರದ ಗಿರಣಿಗಳು ವಿದ್ಯುತ್ತಿಗೆ ತಿರುಗಿ ಎರಡು ದಶಕ ಕಳೆದ ಮೇಲೆ.

ಕಾವೇರಿಯ ಬಾಗಿಲು

ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಮೈಸೂರು ಸರ್ಕಾರ ಶಿವನಸಮುದ್ರದ ಯೋಜನೆಯನ್ನು ಕೈಗೆತ್ತಿಕೊಂಡಿತು. ಎಂಜಿನಿಯರ್ ಜೋಲಿ ದ ಲೋಟ್ಬಿನಿಯೇರ್ ಅದರ ರೂವಾರಿ. ವಿದ್ಯುತ್ ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯವು. ಶೇಷಾದ್ರಿ ಅಯ್ಯರ್ 1901ರಲ್ಲಿ ನಿಧನರಾದರು. ಮರುವರ್ಷ ದೀಪ ಉರಿದದ್ದನ್ನು ಅವರು ಕಾಣಲಿಲ್ಲ. ಬೆಂಗಳೂರಿಗೆ ವಿದ್ಯುತ್ ಬಂದದ್ದು 1905ರಲ್ಲಿ. ಅಂದರೆ ರಾಜ್ಯದ ಅತಿ ದೊಡ್ಡ ನಗರಕ್ಕಿಂತ ಮೂರು ವರ್ಷ ಮೊದಲೇ ಅದು ಗಣಿಗೆ ಹೋಯಿತು. ಖರೀದಿಗೆ ಕೈಯಲ್ಲಿ ಹಣ ಹಿಡಿದು ನಿಂತಿದ್ದವರು ಗಣಿಯವರೇ.

ಕೋಲಾರದ ಗಿರಣಿಗಳಲ್ಲಿ ಆಗ ಕುಟ್ಟುವ ಕಂಬಗಳು ಬದಲಾಗಲಿಲ್ಲ. ಕ್ಯಾಮ್ ದಂಡಗಳೂ ತೊಟ್ಟಿಗಳೂ ಇದ್ದಂತೆಯೇ ಇದ್ದವು. ಪಟ್ಟಿಯ ಇನ್ನೊಂದು ತುದಿಯಲ್ಲಿ ಎಂಜಿನ್ನಿನ ಬದಲು ಮೋಟಾರ್ ಬಂತು. ಶಿವನಸಮುದ್ರದ ವಿದ್ಯುತ್ತು ಸೆಕೆಂಡಿಗೆ 25 ಆವರ್ತನದ್ದು. ಅಂಥ ಮೋಟಾರಿನ ವೇಗವನ್ನು ಆ ಆವರ್ತನವೇ ಕಟ್ಟಿಹಾಕುತ್ತದೆ. ಐದು ಕಂಬ ನಿಲ್ಲಿಸಿದರೂ ಹತ್ತು ನಿಲ್ಲಿಸಿದರೂ ಅದು ಹುಚ್ಚೇಳುವುದಿಲ್ಲ. ಉಗಿ ಎಂಜಿನ್ನಿನ ಮಗ್ಗುಲಲ್ಲಿ ಕೊಂಡಿ ಕಳಚುತ್ತಾ ಕೂರುತ್ತಿದ್ದ ಗವರ್ನರಿನ ಕೆಲಸ ಈಗ ಜಲಪಾತದ ಬಳಿ, ಟರ್ಬೈನಿಗೆ ನೀರು ಬಿಡುವ ಬಾಗಿಲಿನ ಹತ್ತಿರ ನಡೆಯತೊಡಗಿತು. ಕವಾಟ ಇಲ್ಲವಾಗಲಿಲ್ಲ, 147 ಕಿ.ಮೀ. ಹಿಂದಕ್ಕೆ ಸರಿಯಿತು.

ಆದರೆ ಬೇಸಿಗೆಯಲ್ಲಿ ಕಾವೇರಿಯೂ ಸೊರಗುತ್ತದೆ. ಗಣಿಗೆ ಮಾತು ಕೊಟ್ಟ ವಿದ್ಯುತ್ತನ್ನು ವರ್ಷವಿಡೀ ಪೂರೈಸಬೇಕಾದರೆ ಮೇಲ್ಗಡೆ ನೀರು ಕೂಡಿಡಬೇಕು ಎಂಬುದು 1911ರಲ್ಲಿ ಕನ್ನಂಬಾಡಿ ಅಣೆಕಟ್ಟಿನ ಕೆಲಸ ಆರಂಭಿಸಲು ಇದ್ದ ಕಾರಣಗಳಲ್ಲಿ ಒಂದು. ಮಂಡ್ಯದ ಕಬ್ಬಿಗೆ ನೀರುಣಿಸಿದ ಜಲಾಶಯಕ್ಕೆ ಕೋಲಾರದ ಕಲ್ಲು ಕುಟ್ಟುವ ಒನಕೆಗಳೂ ನಿಮಿತ್ತವಾಗಿದ್ದವು ಎಂಬುದನ್ನು ಇಲ್ಲಿ ಸ್ಮರಿಸಬಹುದು.

ಉಳಿದಿರುವುದು

ಕೋಲಾರದ ಚಿನ್ನದ ಉತ್ಪಾದನೆ 1905ರಲ್ಲಿ ಶಿಖರ ಮುಟ್ಟಿತು. ಗಣಿಗಳು 1956ರಲ್ಲಿ ಮೈಸೂರು ಸರ್ಕಾರದ, 1962ರಲ್ಲಿ ಕೇಂದ್ರದ ವಶಕ್ಕೆ ಬಂದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆ ಸ್ಥಾಪನೆಯಾಯಿತು. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿದ್ದ ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿತು. ರಾಜ್ಯದಲ್ಲಿ ಈಗ ಚಿನ್ನ ತೆಗೆಯುವ ಕೆಲಸ ಮುಖ್ಯವಾಗಿ ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ನಡೆಯುತ್ತಿದ್ದು, ಅಲ್ಲಿ ಕಲ್ಲನ್ನು ಪುಡಿ ಮಾಡುವುದು ಉಕ್ಕಿನ ಗುಂಡುಗಳು ಉರುಳುವ ಬಾಲ್ ಮಿಲ್‌ಗಳು.

ಕಾರ್ನ್‌ವಾಲಿನ ಲೆವಾಂಟ್ ಗಣಿಯಲ್ಲಿ 1840ರ ಉಗಿ ಎಂಜಿನ್ ಒಂದನ್ನು ದುರಸ್ತಿ ಮಾಡಿ ಸಾರ್ವಜನಿಕರಿಗಾಗಿ ಕಾಪಾಡಲಾಗಿದೆ. ಕೋಲಾರದ ಗಣಿ ಪ್ರದೇಶದಲ್ಲಿ ಆ ಯುಗದ ಅತಿ ದೊಡ್ಡ ಕುರುಹೆಂದರೆ ಬೂದುಬಣ್ಣದ ಸಯನೈಡ್ ದಿಬ್ಬಗಳೇ. ಸ್ಟಾಂಪುಗಳೂ ಅವುಗಳ ನಂತರ ಬಂದ ಗಿರಣಿಗಳೂ ನುಣ್ಣಗೆ ಅರೆದ ಕಲ್ಲಿನ ಹಿಟ್ಟು ಅದು. ಬೇಸಿಗೆಯ ಗಾಳಿಗೆ ಎದ್ದು ಸುತ್ತಲ ಬಡಾವಣೆಗಳ ಮನೆಯೊಳಗೆ ಬಂದು ಕೂರುತ್ತದೆ. ಒಟ್ಟು ಹದಿಮೂರು ದಿಬ್ಬ; ಸುಮಾರು 3.3 ಕೋಟಿ ಟನ್. ಹಿಟ್ಟಿನ ಕಣ ದಪ್ಪಗಿದ್ದಷ್ಟೂ ಪಾದರಸಕ್ಕೂ ಸಯನೈಡಿಗೂ ಸಿಕ್ಕದೆ ಒಳಗುಳಿದ ಚಿನ್ನ ಹೆಚ್ಚು. ಹೀಗೆ ಉಳಿದುದನ್ನು ಹೊಸ ವಿಧಾನಗಳಿಂದ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿಗೆ ನೀಡಿತು.